ಸಗರನಾಡಿನಲ್ಲಿ ಒಂದು ಖಾಕಿ ವಾರ

ಕಲಬುರಗಿಯಿಂದ ಹೊರಟ ಬಸ್ಸು ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟಿ, ಜೇವರ್ಗಿಯನ್ನು ಹಿಂದಿಕ್ಕಿ ಸಗರನಾಡಿನ ಶಹಾಪುರದತ್ತ ಸಾಗುವವರೆಗೂ ಕಣ್ಣಿಗೆ ಬೀಳುವುದು ಕರಿ ಎರೆ, ತೊಗರಿ, ಹತ್ತಿ ಅಷ್ಟೇ. ಆಮೇಲೆ ಇದ್ದಕ್ಕಿದ್ದಂತೆ ಆ ಸಮತಟ್ಟು ನೆಲದಿಂದ ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಗುಡ್ಡದ ಬುಡಕ್ಕೆ ಕಾಲುವೆ, ಕಾಲುವೆಯ ಕೆಳಗೆ ಭತ್ತದ ಗದ್ದೆ. ಬೀದರಿನ ಕೆಂಪು ಕಲ್ಲಿನ ಎತ್ತರದಲ್ಲಿ ಹುಟ್ಟಿ ಬೆಳೆದವಳು ನಾನು. ಒಣ ಬಂಡೆಯೂ ತುಂಬಿದ ನೀರೂ ಹೀಗೆ ಮಗ್ಗುಲಲ್ಲೇ ಇರುವುದನ್ನು ಕಂಡು ಕಿಟಕಿಯಿಂದ ಕಣ್ಣು ಕೀಳಲಾಗಲಿಲ್ಲ. ಭೀಮರಾಯನಗುಡಿಯಲ್ಲಿ ಇಳಿದಾಗ ಪಕ್ಕದಲ್ಲಿದ್ದ ಹೆಣ್ಣುಮಗಳು ದೂರದ ಗುಡ್ಡಸಾಲಿನತ್ತ ಬೆರಳು ತೋರಿಸಿದಳು. "ನೋಡ್ರಿ ಅಕ್ಕಾರ, ಬುದ್ಧ ಮಲಗ್ಯಾನ. ತಲಿ ಆ ಕಡಿ, ಪಾದ ಈ ಕಡಿ." ಹಣೆ, ಮೂಗು, ಗದ್ದ, ಎದೆ, ಮಡಿಲು, ಎಲ್ಲವೂ ಒಂದರ ಹಿಂದೊಂದು ಕಾಣಿಸಿದವು. ಕೆತ್ತಿದವರು ಯಾರೂ ಇಲ್ಲ. ಬೇರೆ ಬೇರೆ ಗುಡ್ಡಗಳು ಈ ಒಂದು ಕಡೆಯಿಂದ ನೋಡಿದಾಗ ಮಾತ್ರ ಸೇರಿ ಒಬ್ಬ ಮನುಷ್ಯನಾಗುತ್ತವೆ.

ನಾನು ಬಂದದ್ದು ಗೃಹರಕ್ಷಕ ದಳದ ನಾಯಕತ್ವ ತರಬೇತಿಗೆ. ವೃತ್ತಿಯಿಂದ ಶಾಲಾ ಶಿಕ್ಷಕಿ. ಜಾತ್ರೆ, ಚುನಾವಣೆ, ಹಬ್ಬದ ಬಂದೋಬಸ್ತಿನ ದಿನಗಳಲ್ಲಿ ಖಾಕಿ ತೊಡುವವಳು. ಹಂದರದಂಥ ಒಂದು ಉದ್ದನೆಯ ಶೆಡ್ಡಿನಲ್ಲಿ ಸಾಲಾಗಿ ಹಾಸಿಗೆ, ಮುಂದೆ ಬಯಲು, ಬಯಲಿನ ಅಂಚಿಗೆ ಬೇವಿನ ಮರಗಳು. ಅಲ್ಲಿ ಸೇರಿದ್ದ ಸೆಕ್ಷನ್ ಲೀಡರ್‌ಗಳು, ಸಾರ್ಜೆಂಟರು, ಪ್ಲಟೂನ್ ಕಮಾಂಡರ್‌ಗಳಲ್ಲಿ ಟೇಲರಿದ್ದರು, ಆಟೋ ಓಡಿಸುವವರಿದ್ದರು, ಗೌಂಡಿ ಕೆಲಸದವರಿದ್ದರು, ಅಂಗನವಾಡಿ ಸಹಾಯಕಿಯೊಬ್ಬರಿದ್ದರು, ನಾಲ್ಕು ಎಕರೆ ಹೊಲದ ರೈತರಿದ್ದರು. ಕರ್ತವ್ಯಕ್ಕೆ ಕರೆದ ದಿನ ಮಾತ್ರ ಗೌರವಧನ, ಉಳಿದ ದಿನ ತಮ್ಮ ತಮ್ಮ ದುಡಿಮೆ. ಈ ವಾರಕ್ಕಾಗಿ ಅಂಗಡಿಗೆ ಬೀಗ ಹಾಕಿ ಬಂದವರಿದ್ದರು, ಹತ್ತಿ ಬಿಡಿಸುವುದನ್ನು ತಮ್ಮನಿಗೆ ಒಪ್ಪಿಸಿ ಬಂದವರಿದ್ದರು. ಇವರ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬ ಸಂಕಟ ನನಗೆ ಮೊದಲಿನಿಂದಲೂ ಇದೆ. ಜಾತ್ರೆಯ ಫೋಟೊದಲ್ಲಿ ತೇರು ಇರುತ್ತದೆ, ಜನ ಇರುತ್ತಾರೆ, ಗಣ್ಯರು ಇರುತ್ತಾರೆ. ಹಗ್ಗ ಹಿಡಿದು ನಿಂತವರ ಬೆನ್ನು ಮಾತ್ರ ಇರುತ್ತದೆ.

ದಳದ ಕಥೆಯನ್ನು ಬೋಧಕರು ಮೊದಲ ತರಗತಿಯಲ್ಲೇ ಹೇಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸೈನ್ಯಕ್ಕೆ ಸೇರಲಾಗದವರು ತಮ್ಮ ಊರನ್ನು ತಾವೇ ಕಾಯಲು ಕಟ್ಟಿಕೊಂಡ ಪಡೆಯ ಹೆಸರದು. ನಮ್ಮಲ್ಲಿ ಅದು ಹುಟ್ಟಿದ್ದು ಕೋಮುಗಲಭೆಯ ಉರಿಯಲ್ಲಿ, ಮುಂಬಯಿಯಲ್ಲಿ, 1946ರ ಡಿಸೆಂಬರ್ 6ರಂದು. ಆಗ ಪ್ರಾಂತದ ಗೃಹಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. 1962ರ ಚೀನಾ ಯುದ್ಧದ ಹೊತ್ತಿಗೆ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಒಂದೇ ಬಗೆಯ ದಳ ಕಟ್ಟಲು ಸೂಚಿಸಿತು. ನಮ್ಮ ರಾಜ್ಯದ ಗೃಹರಕ್ಷಕರ ಕಾಯ್ದೆಯೂ ಅದೇ ವರ್ಷದ್ದು. ಲಾಂಛನದ ಮೇಲಿರುವ ಮಾತು ನಿಷ್ಕಾಮ ಸೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಹುಟ್ಟು. ನೆರೆಹೊರೆಯವರು ಒಬ್ಬರ ಮೇಲೊಬ್ಬರು ಎರಗುತ್ತಿದ್ದ ಕಾಲದಲ್ಲಿ, ಅದೇ ನೆರೆಹೊರೆಯ ಜನರನ್ನು ನಂಬಿ ಕಟ್ಟಿದ ಪಡೆ ಇದು.

ಬೆಳಗಿನ ಕವಾಯತಿನಲ್ಲಿ ಕಲಿತ ಒಂದು ಸಂಗತಿ ವಾರವಿಡೀ ನನ್ನ ಜೊತೆಗಿತ್ತು. ಆಜ್ಞೆಗೆ ಎರಡು ಭಾಗ. "ಪರೇಡ್" ಎಂಬುದನ್ನು ಎಳೆದು, ಉದ್ದಕ್ಕೆ ಬಿಡಬೇಕು. ಆಮೇಲೆ ಒಂದು ಬಿಡುವು. ಅನಂತರ "ಸಾವಧಾನ್" ಎಂಬುದನ್ನು ಚಾಟಿಯಂತೆ ಬೀಸಬೇಕು. ಮೊದಲ ಭಾಗ ಎಚ್ಚರಿಸುವುದಕ್ಕೆ, ಎರಡನೆಯದು ನಡೆಸುವುದಕ್ಕೆ. ನಡುವಿನ ಆ ಬಿಡುವಿನಲ್ಲಿ ಕೇಳುವವನ ಮೈ ಸಿದ್ಧವಾಗುತ್ತದೆ. ಬಿಡುವು ಕೊಡದೆ ಕೂಗಿದರೆ ಸಾಲು ಚದರುತ್ತದೆ, ಹೆಚ್ಚು ಬಿಟ್ಟರೆ ಮೈ ಸಡಿಲಾಗುತ್ತದೆ. ಗುರುಮಠಕಲ್ ಕಡೆಯ ಗೌಂಡಿ ಕೆಲಸದ ಒಬ್ಬರಿಗೆ, ತೆಲುಗಿನ ಎಳೆತ ಬೆರೆತ ಕನ್ನಡದವರಿಗೆ, ಈ ಬಿಡುವು ಹುಟ್ಟಿನಿಂದಲೇ ಬಂದಂತಿತ್ತು. ಅವರು ಮುಂದೆ ನಿಂತು ಕೂಗಿದರೆ ಅಷ್ಟೂ ಹಿಮ್ಮಡಿಗಳು ಒಂದೇ ಸದ್ದಿಗೆ ಕೂಡುತ್ತಿದ್ದವು. ಹೇಗೆ ಬಂತು ಎಂದು ಕೇಳಿದೆ. "ಮ್ಯಾಲಿನವ್ರಿಗೆ ಕಲ್ಲು ಒಗಿಬೇಕಾದ್ರ ಮೊದ್ಲು ಹೆಸರ ಕೂಗ್ತೀವ್ರಿ ಟೀಚರ್. ಅಂವ ನೋಡಿದ ಮ್ಯಾಲೇ ಒಗಿಯೋದು" ಎಂದರು.

ಒಂದು ಮುಂಜಾನೆ ಓಟದ ಬದಲು ವಿಭೂತಿಹಳ್ಳಿಗೆ ಕರೆದೊಯ್ದರು. ಶಹಾಪುರಕ್ಕೆ ಹತ್ತಿರದ ಊರು. ಊರ ಪಕ್ಕದ ಬಯಲಿನಲ್ಲಿ ಗುಂಡುಗಲ್ಲುಗಳು. ಮೊದಲ ನೋಟಕ್ಕೆ ಯಾವ ಹೊಲದಲ್ಲಾದರೂ ಬಿದ್ದಿರಬಹುದಾದ ಕಲ್ಲುಗಳೇ. ನಾಲ್ಕು ಹೆಜ್ಜೆ ಸರಿದು ನೋಡಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಒಂದು ಕಲ್ಲಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಡ್ಡಕ್ಕೆ ನೋಡಿದರೂ ಸಾಲು, ಓರೆಗೆ ನೋಡಿದರೂ ಸಾಲು. ನಮ್ಮ ಬೋಧಕರು ದಿನಾ ಬೆಳಿಗ್ಗೆ ಬೆವರು ಸುರಿಸಿ ನಮ್ಮಿಂದ ಮಾಡಿಸುತ್ತಿದ್ದ ಅದೇ ಜೋಡಣೆ. ಬೃಹತ್ ಶಿಲಾಯುಗದ ಜನ ಇಟ್ಟ ಕಲ್ಲುಗಳಿವು. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಈ ಸೀಮೆಯ ಕಲ್ಲಿನ ಸಾಲುಗಳು, ಕಲ್ಮನೆಗಳ ಬಗ್ಗೆ ವಿವರವಾಗಿ ಬರೆದಿದ್ದ. ನಮ್ಮ ಕಾಲದಲ್ಲಿ ಖಗೋಳ ವಿಜ್ಞಾನಿಗಳು ಬಂದು, ಸೂರ್ಯ ಹುಟ್ಟುವ ದಿಕ್ಕಿಗೂ ಈ ಸಾಲುಗಳಿಗೂ ನಂಟಿದೆಯೇ ಎಂದು ಅಳೆದು ನೋಡಿದ್ದಾರೆ.

ನನಗೆ ಹೊಳೆದದ್ದು ಬೇರೆ. ಒಂದೊಂದು ಕಲ್ಲನ್ನೂ ಉರುಳಿಸಲು ಹಲವು ಜನ ಬೇಕು. ಉರುಳಿಸುವವರಿಗೆ ಸಾಲು ಕಾಣುವುದಿಲ್ಲ, ಅವರ ಕಣ್ಣು ಕಲ್ಲಿನ ಮೇಲೆ. ಹಾಗಾದರೆ ದೂರದಲ್ಲಿ ಯಾರೋ ಒಬ್ಬರು ನಿಂತಿರಲೇಬೇಕು. ಇನ್ನೊಂದು ತುಸು ಎಡಕ್ಕೆ, ಸಾಕು, ಅಲ್ಲೇ ಎಂದು ಕೈಯೆತ್ತಿ ಹೇಳಿರಬೇಕು. ಆ ಮಾತನ್ನು ಉಳಿದವರು ನಂಬಿರಬೇಕು. ಅವರ ಭಾಷೆ ಯಾವುದೋ, ದೇವರು ಯಾರೋ. ಆದರೆ ದೂರ ನಿಂತು ಸಾಲು ನೋಡಿದ ಆ ಒಬ್ಬರ ಕೆಲಸ ಮಾತ್ರ ಬಿಸಿಲು ಮಳೆಗೆ ಮೈಯೊಡ್ಡಿ ಇಂದಿಗೂ ನನ್ನ ಕಣ್ಣೆದುರು ಇದೆ. ಹಿಂದಿರುಗುವಾಗ ನಮ್ಮ ಸಾಲಿನಲ್ಲಿ ಯಾರೂ ಮಾತಾಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಂದು ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಊಟವಾದ ಮೇಲೆ ಹಗ್ಗದ ಪಾಠ: ರೀಫ್ ಗಂಟು, ಬೋಲೈನ್, ಕುರ್ಚಿ ಗಂಟು. ಎರಡು ಬಿದಿರು ಗಳ, ಒಂದು ಕಂಬಳಿಯಿಂದ ಸ್ಟ್ರೆಚರ್ ಕಟ್ಟುವುದು. ಉಸಿರು ನಿಂತವರ ಎದೆ ಒತ್ತುವುದು: ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ, ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ, 30 ಸಲ ಒತ್ತಿ 2 ಸಲ ಉಸಿರು. ಇವೆಲ್ಲ ಕೈಗೆ ಕೂಡಬೇಕಾದ ವಿದ್ಯೆ, ಬರೆದು ತೋರಿಸುವಂಥದ್ದಲ್ಲ.

ವಾಗಿನಗೇರೆಯ ಪಾಠವನ್ನು ಮಾತ್ರ ಬರೆಯಲೇಬೇಕು. ಸುರಪುರ ತಾಲ್ಲೂಕಿನ ಈ ಊರಿನ ಕೋಟೆಗೆ 1705ರಲ್ಲಿ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಿದ. ಆಗ ಅವನ ವಯಸ್ಸು 86. ಅವನೇ ಮುಂದೆ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. ಎದುರಿಗಿದ್ದವನು ಬೇಡ ದೊರೆ ಪಿಡ್ಡನಾಯಕ. ದೊಡ್ಡ ಸಾಮ್ರಾಜ್ಯದ ಸೈನ್ಯವನ್ನು ಈ ಗುಡ್ಡಗಳ ಜನ ಎರಡು ತಿಂಗಳಿಗೂ ಮೇಲೆ ತಡೆದು ನಿಲ್ಲಿಸಿದರು, ಮರಾಠರೂ ನೆರವಿಗೆ ಬಂದರು. ಕಡೆಗೆ ಒಂದು ರಾತ್ರಿ ಕೋಟೆಯೊಳಗಿನವರು ಜಾಗ ಖಾಲಿ ಮಾಡಿದರು. ಬೆಳಗಾಗುವ ಹೊತ್ತಿಗೆ ಮೊಗಲರ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಚಕ್ರವರ್ತಿ ಎರಡು ವರ್ಷದಲ್ಲಿ ತೀರಿಕೊಂಡ. ನಾಯಕರ ಮನೆತನ ಸುರಪುರದಲ್ಲಿ ಮುಂದೆ ಒಂದೂವರೆ ಶತಮಾನ ಆಳಿತು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಲ್ಲುವವರೆಗೂ.

ಈ ಕಥೆಯನ್ನು ಚರಿತ್ರೆಯ ಪಾಠದಲ್ಲಿ ಶೌರ್ಯದ ಕಥೆಯಾಗಿ ನಾನೇ ಮಕ್ಕಳಿಗೆ ಹೇಳಿದ್ದೇನೆ. ನಮ್ಮ ಬೋಧಕರು ಅದನ್ನು ಬೇರೆ ಕಡೆಯಿಂದ ಹಿಡಿದರು. "ಆ ರಾತ್ರಿ ವಿಚಾರ ಮಾಡ್ರಿ. ಹೆಂಗಸ್ರು, ಕೂಸು, ಮುದುಕ್ರು ಎಲ್ಲಾರ್ನೂ ಕತ್ತಲಾಗ, ಸದ್ದಿಲ್ದಂಗ, ಗುಡ್ಡದಿಂದ ಇಳಸಬೇಕು. ಮುಂದ ಯಾರು? ಹಿಂದ ಯಾರು? ಎಣಿಸಾವ್ರು ಯಾರು? ಕೂಸು ಅತ್ತರ?" ಶೆಡ್ಡಿನಲ್ಲಿ ಒಂದು ಹೊಸ ಬಗೆಯ ಗಮನ ಹುಟ್ಟಿತು. ಕೋಟೆ ಕಾಯುವುದಷ್ಟೇ ಅಲ್ಲ, ಕೋಟೆ ಬಿಡುವ ಹೊತ್ತು ಗೊತ್ತಾಗುವುದೂ, ಬಿಡುವಾಗ ಯಾರನ್ನೂ ಹಿಂದೆ ಬಿಡದಿರುವುದೂ ಮುಂದಾಳಿನ ಕೆಲಸ ಎಂಬುದು ಮುನ್ನೂರು ವರ್ಷ ಹಿಂದಿನ ಆ ಇಳಿಜಾರಿನಲ್ಲಿ ನನಗೆ ಕಂಡಿತು. ಪ್ರವಾಹದ ರಾತ್ರಿ ಹಳ್ಳಿಯೊಂದನ್ನು ಖಾಲಿ ಮಾಡಿಸುವುದು ಅದೇ ಕೆಲಸ.

ಅದರ ಮರುದಿನ ಜನಸಂದಣಿಯ ಪಾಠ. ಉದಾಹರಣೆಗೆ ದೂರ ಹೋಗಬೇಕಿರಲಿಲ್ಲ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಾಂತಿಗೆ ಮೈಲಾರಲಿಂಗೇಶ್ವರನ ಜಾತ್ರೆ. ಕರ್ನಾಟಕ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದ ಜನ ಹರಿದು ಬರುತ್ತಾರೆ. ಗಾಳಿಯ ತುಂಬ ಭಂಡಾರ, ಏಳುಕೋಟಿಯ ಘೋಷ, ಹೊನ್ನಕೆರೆಯಲ್ಲಿ ಪಲ್ಲಕ್ಕಿಯ ಸ್ನಾನ, ಕಬ್ಬಿಣದ ಸರಪಳಿ ಹರಿಯುವ ಸೇವೆ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆ ಹಿಂದೆ ನಡೆದು ಬಂದದ್ದು. ಅದನ್ನು ನಿಷೇಧಿಸಿದ ಮೇಲೆ ಊರಿಗೆ ಬರುವ ದಾರಿಗಳಲ್ಲಿ ತಪಾಸಣಾ ಠಾಣೆ ಹಾಕಿ ಮರಿಗಳನ್ನು ತಡೆಯುತ್ತಾರೆ. ಅಲ್ಲಿ ನಿಂತು ಕರ್ತವ್ಯ ಮಾಡಿದ್ದ ಯಾದಗಿರಿ ಘಟಕದ ಒಬ್ಬ ಹೆಣ್ಣುಮಗಳು ಎದ್ದು ತನ್ನ ಅನುಭವ ಹೇಳಿದಳು. ಹರಕೆ ಹೊತ್ತ ಮುದುಕಿ ಮರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಂದಿದ್ದಳಂತೆ. "ಕಸಕೊಳ್ಳಾಕ ಕೈ ಹೋಗಲಿಲ್ಲರಿ. ಯವ್ವಾ, ನಾನೂ ಮೈಲಾರಪ್ಪನ ಒಕ್ಕಲು, ಮರಿ ಇಲ್ಲೇ ನನ್ನ ಹತ್ರ ಇರ್ಲಿ, ನೀ ಭಂಡಾರ ಹಾರಿಸಿ ಬಾ ಅಂದ್ನಿ. ಕೊಟ್ಳರಿ."

ಬೋಧಕರು ಅದಕ್ಕೆ ಮೇಲೇನನ್ನೂ ಸೇರಿಸಲಿಲ್ಲ. ಕಾನೂನನ್ನು ಜಾರಿ ಮಾಡಿದ್ದೂ ಆಯಿತು, ಮುದುಕಿಯ ಭಕ್ತಿಗೆ ನೋವಾಗದಂತೆ ನೋಡಿಕೊಂಡದ್ದೂ ಆಯಿತು. ಇದನ್ನು ಹೊರಗಿನಿಂದ ಬಂದ ಯಾವ ಪಡೆಯೂ ಮಾಡಲಾರದು. ಅದೇ ದೇವರಿಗೆ ನಡೆದುಕೊಳ್ಳುವ, ಅದೇ ಮಾತಾಡುವ ಹುಡುಗಿಯೊಬ್ಬಳು ಖಾಕಿಯಲ್ಲಿ ನಿಂತಿದ್ದರಿಂದ ಆದದ್ದು ಅದು. ಗೃಹರಕ್ಷಕ ದಳ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆ ನಾನು ಈ ಕುರಿಮರಿಯ ಕಥೆಯನ್ನೇ ಹೇಳುವವಳು.

ವಾರದ ಕೊನೆಯ ದಿನಗಳು ನೀರಿಗೆ ಮೀಸಲು. ಸುರಪುರದ ಗುಡ್ಡಗಳನ್ನು ಬಳಸಿ ವಾಹನ ಕೃಷ್ಣೆಯತ್ತ ಇಳಿಯಿತು. ಮೊದಲು ನಾರಾಯಣಪುರದ ಬಸವಸಾಗರ. 1982ರಲ್ಲಿ ಮುಗಿದ ಅಣೆಕಟ್ಟು, 30 ಗೇಟು, ಸುಮಾರು 33 ಟಿಎಂಸಿ ನೀರು. ಮೇಲೆ ನಿಂತು ನೋಡಿದರೆ ಒಂದು ಕಡೆ ಕಡಲಿನಂಥ ನೀರು, ಇನ್ನೊಂದು ಕಡೆ ಬಂಡೆಗಳ ನಡುವೆ ಎಳೆಎಳೆಯಾಗಿ ಹರಿಯುವ ನದಿ. ಭೀಮರಾಯನಗುಡಿಯ ಬಳಿ ನಾನು ಕಂಡ ಭತ್ತದ ಹಸಿರು ಇಲ್ಲಿಂದಲೇ ಎಡದಂಡೆ ಕಾಲುವೆಯಲ್ಲಿ ಹೊರಟದ್ದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ಆಲಮಟ್ಟಿ ತುಂಬುತ್ತದೆ, ಆಲಮಟ್ಟಿ ಬಿಟ್ಟರೆ ನಾರಾಯಣಪುರ ಬಿಡಲೇಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರು. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರು. 2019ರ ಆಗಸ್ಟಿನಲ್ಲಿ ಇಲ್ಲಿಂದ ಹೊರಬಿದ್ದದ್ದು ಐದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಟಿವಿಯಲ್ಲಿ ಆ ಅಂಕಿ ಎಷ್ಟೋ ಸಲ ಕೇಳಿದ್ದೆ. ಆ ಗೇಟುಗಳ ಕೆಳಗೆ ನಿಂತು ಕೇಳಿದಾಗ ಕಾಲಡಿಯ ಕಾಂಕ್ರೀಟು ನಡುಗಿದ ಹಾಗಾಯಿತು. ಗೇಟುಗಳು ಮುಚ್ಚಿದ್ದವು, ನಡುಗಿದ್ದು ನನ್ನ ಕಾಲೇ ಇರಬೇಕು.

ಕೆಳಗೆ ಕಕ್ಕೇರಾ ಹತ್ತಿರ ನೀಲಕಂಠರಾಯನಗಡ್ಡಿ. ನದಿಯ ನಡುವಿನ ನೆಲ, ಮನೆಗಳು, ಹೊಲಗಳು, ಜನ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊರಜಗತ್ತಿನ ಸಂಪರ್ಕ ತಪ್ಪಿದ್ದುಂಟು. ಇಲ್ಲಿನ ತುಂಬು ಗರ್ಭಿಣಿಯೊಬ್ಬರು 2013ರಲ್ಲಿ, ದಡ ಸೇರಿದರೆ ಆಸ್ಪತ್ರೆಗೆ ಹೋಗಬಹುದೆಂದು, ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಉಕ್ಕುವ ಕೃಷ್ಣೆಯನ್ನು ಈಜಿ ದಾಟಿದ್ದರು. ಮನೆಯವರು ಸುತ್ತ ಈಜುತ್ತಿದ್ದರು. ಪತ್ರಿಕೆಯಲ್ಲಿ ಓದಿದಾಗ ನಂಬಲು ಕಷ್ಟವಾಗಿತ್ತು. ದಡದಲ್ಲಿ ನಿಂತು ಆ ಅಗಲ ನೋಡಿದ ಮೇಲೆ ಕೈ ತಾನಾಗಿ ಮುಗಿಯಿತು.

ತಿಂಥಣಿಯ ಸೇತುವೆಯ ಬಳಿ, ಮೌನೇಶ್ವರನ ಗುಡಿಯ ಕೆಳಗಿನ ದಂಡೆಯಲ್ಲಿ ನಮ್ಮ ಅಭ್ಯಾಸ ನಡೆಯಿತು. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆದುಕೊಳ್ಳುವ ದೇವಸ್ಥಾನ ಅದು. ಮುಳುಗುವವರನ್ನು ಕಂಡರೆ ಮೊದಲು ಕೋಲೋ ಸೀರೆಯೋ ಚಾಚು, ಎಟುಕದಿದ್ದರೆ ಹಗ್ಗ ಎಸೆ, ಆಮೇಲೆ ದೋಣಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ನೀರಿಗಿಳಿ. ಈ ಕ್ರಮವನ್ನು ಮತ್ತೆ ಮತ್ತೆ ಮಾಡಿಸಿದರು. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕೊಡ ಎರಡು ಇದ್ದರೆ ಒಬ್ಬ ಮನುಷ್ಯ ತೇಲುತ್ತಾನೆ. ಮೊಣಕಾಲುದ್ದದ ನೀರೂ ಓಡುತ್ತಿದ್ದರೆ ನಿಂತವನನ್ನು ಕೆಡವುತ್ತದೆ.

ಆಗ ಒಬ್ಬರು ಹಿರೇರಾಯನಕುಂಪಿಯ ಹುಡುಗನ ಮಾತೆತ್ತಿದರು. ನದಿಯ ಆಚೆ, ದೇವದುರ್ಗ ತಾಲ್ಲೂಕಿನ ಊರದು. ಅದೇ 2019ರ ಆಗಸ್ಟಿನಲ್ಲಿ ನೀರು ಮುಚ್ಚಿದ ಸೇತುವೆಯ ಮುಂದೆ ಆಂಬುಲೆನ್ಸ್ ಒಂದು ದಾರಿ ಕಾಣದೆ ನಿಂತಿತ್ತು. ಒಳಗೆ ಒಂದು ಶವ, ಜೊತೆಗೆ ಮಕ್ಕಳು. 12 ವರ್ಷದ ಹುಡುಗ ಮುಂದೆ ಬಂದು, ನೀರಿನಲ್ಲಿ ಏಳುತ್ತ ಬೀಳುತ್ತ ಓಡಿ, ಹಿಂದೆ ಬಾ ಎಂದು ಕೈಬೀಸಿ ಗಾಡಿಯನ್ನು ಆಚೆ ದಾಟಿಸಿದ. ಮುಂದೆ ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ನಮ್ಮ ಪಾಠದ ಪ್ರಕಾರ ಅವನು ಮಾಡಿದ್ದು ಮಾಡಬಾರದ್ದು. ಬೋಧಕರೂ ಅದನ್ನು ಖಂಡಿತವಾಗಿ ಹೇಳಿದರು. ಆದರೆ ಅವರ ಕಣ್ಣು ತೇವವಾದದ್ದನ್ನು ನಾವೆಲ್ಲ ನೋಡಿದೆವು. ಆ ಹುಡುಗನ ಕಾಲಿಗೆ ಆ ಸೇತುವೆಯ ಅಂಚು ಗೊತ್ತಿತ್ತು. ಡ್ರೈವರಿಗೆ ಬೇಕಿದ್ದದ್ದು ಅಷ್ಟೇ.

ಕೊನೆಯ ಅಭ್ಯಾಸ ಕಾಗದದ ಮೇಲಿನದು. ಗುಂಪು ಗುಂಪಾಗಿ ಕುಳಿತು, ನದೀತೀರದ ಒಂದು ಹಳ್ಳಿಯನ್ನು ರಾತ್ರೋರಾತ್ರಿ ಖಾಲಿ ಮಾಡಿಸುವ ಯೋಜನೆ ಬರೆಯಬೇಕು. ನಮ್ಮ ಗುಂಪಿನದು ಅಚ್ಚುಕಟ್ಟಾಗಿತ್ತು. ಮೊದಲು ಡಂಗುರ, ಅರ್ಧ ಗಂಟೆಯ ಬಿಡುವು, ಆಮೇಲೆ ಹೊರಡುವ ಆಜ್ಞೆ. ಮುದುಕರು ಮತ್ತು ಬಾಣಂತಿಯರು ಮೊದಲ ಟ್ರ್ಯಾಕ್ಟರಿನಲ್ಲಿ, ಪ್ರತಿ ಓಣಿಗೆ ಎಣಿಸುವವರು ಒಬ್ಬರು. ಹರಗೋಲು ಹಾಕುವ ಮುತ್ಯಾ ಒಬ್ಬರು ದಂಡೆಯಲ್ಲಿ ಬಲೆ ಸರಿ ಮಾಡುತ್ತ ಕೂತಿದ್ದರು. ಗುರುಮಠಕಲ್ಲಿನ ಗೌಂಡಿಯವರು ಹೋಗಿ ಅವರ ಪಕ್ಕ ಕೂತು ನಮ್ಮ ಯೋಜನೆಯನ್ನು ಓದಿ ಹೇಳಿದರು. ಮುತ್ಯಾ ಪೂರ್ತಿ ಕೇಳಿಸಿಕೊಂಡು, ಬಲೆಯಿಂದ ತಲೆಯೆತ್ತದೆ ಕೇಳಿದರು: "ಎಮ್ಮಿ ಎಲ್ಲಿ ಬರದೀರಿ?"

ನಾವು ಬರೆದಿರಲಿಲ್ಲ.

"ಎಮ್ಮಿ ಕಟ್ಟಿದ್ದಲ್ಲೇ ಇದ್ರ ಅದರ ಯಜಮಾನ ಬರೂದಿಲ್ಲಪ್ಪಾ. ಅಂವ ಬರಲಿಲ್ಲಂದ್ರ ಹೇಣ್ತಿ ಬರೂದಿಲ್ಲ. ಆಕಿ ಬರಲಿಲ್ಲಂದ್ರ ಅತ್ತಿ ಬರೂದಿಲ್ಲ. ಡಂಗುರ ಹೊಡಿಯೂಕಿಂತ ಮೊದ್ಲ, ಹಗಲಿದ್ದಾಗ, ದನ ಎತ್ತರಕ್ಕ ಹೊಡೀರಿ. ದನ ಹೋದ್ವಂದ್ರ ಊರು ತಾನೇ ಹಿಂದ ಬರ್ತದ."

ಬೋಧಕರು ಅವರನ್ನು ಕರೆತಂದು ನಮ್ಮೆಲ್ಲರ ಮುಂದೆ ಕೂರಿಸಿದರು. ಆ ಮಧ್ಯಾಹ್ನ ಪಾಠ ಹೇಳಿದ್ದು ಮುತ್ಯಾ. ಯಾವ ಸುಳಿ ಎಲ್ಲಿ ಹುಟ್ಟುತ್ತದೆ, ನೀರು ಏರುವ ಮೊದಲು ಯಾವ ಬಂಡೆ ಮುಳುಗುತ್ತದೆ, ನೊರೆಯ ಬಣ್ಣ ಬದಲಾದರೆ ಎಷ್ಟು ಹೊತ್ತು ಉಳಿದಿದೆ, ಹರಗೋಲಿನಲ್ಲಿ ಹೆದರಿದವರನ್ನು ಎಲ್ಲಿ ಕೂರಿಸಬೇಕು ಎಂದು ಒಂದೊಂದಾಗಿ ಹೇಳುತ್ತ ಹೋದರು. ಸಾರ್ಜೆಂಟರು, ಪ್ಲಟೂನ್ ಕಮಾಂಡರ್‌ಗಳು, ಎಲ್ಲರೂ ಮರಳಿನ ಮೇಲೆ ಕಾಲು ಮಡಚಿ ಕೂತು ಬರೆದುಕೊಂಡರು. ಪ್ರಶ್ನೆಗಳು ಮುಗಿಯಲೇ ಇಲ್ಲ. ಚಹಾ ಅಲ್ಲಿಗೇ ತರಿಸಬೇಕಾಯಿತು. ನಮ್ಮ ಯೋಜನೆಯನ್ನು ಹೊಸದಾಗಿ ಬರೆದೆವು. ಮೊದಲ ಸಾಲು: ಸಂಜೆಯೊಳಗೆ ದನಕರು ಎತ್ತರಕ್ಕೆ, ಮೇವು ಅಲ್ಲಿಗೆ ಮುಂಚೆಯೇ.

ನಮ್ಮ ಬೀದರ್ ಜಿಲ್ಲೆಗೂ ಒಂದು ಹೊಳೆ ಇದೆ, ಮಾಂಜ್ರಾ. ಕೃಷ್ಣೆಯಷ್ಟು ದೊಡ್ಡದಲ್ಲ, ಆದರೂ ಉಕ್ಕಿದಾಗ ಹೊಲವನ್ನೂ ಊರನ್ನೂ ಬಿಡುವುದಿಲ್ಲ. ವಾಪಸಾಗುವ ಬಸ್ಸಿನಲ್ಲಿ ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು ದಂಡೆಯ ಊರುಗಳ ಹೆಸರು ಒಂದರ ಕೆಳಗೊಂದು ಬರೆದೆ. ಪ್ರತಿ ಹೆಸರಿನ ಮುಂದೆ ಮೂರು ಕಾಲಂ: ಟ್ರ್ಯಾಕ್ಟರ್ ಯಾರ ಬಳಿ, ದನ ಹೊಡೆಯಲು ಎತ್ತರದ ಜಾಗ ಯಾವುದು, ನೀರಿನ ನಡೆ ಬಲ್ಲ ಹಿರಿಯರು ಯಾರು. ಮೊದಲೆರಡನ್ನು ನಮ್ಮ ಘಟಕದವರು ಫೋನಿನಲ್ಲೇ ತುಂಬಿಸಬಲ್ಲರು. ಮೂರನೆಯದಕ್ಕೆ ಊರೂರಿಗೆ ಹೋಗಿ ಕಟ್ಟೆಯ ಮೇಲೆ ಕೂರಬೇಕು. ಮುಂದಿನ ಭಾನುವಾರ ಭಾಲ್ಕಿ ಕಡೆಯಿಂದ ಶುರು ಮಾಡುವುದೆಂದು ನಮ್ಮ ಸೆಕ್ಷನ್ನಿನ ಹುಡುಗಿಯರಿಗೆ ಜೇವರ್ಗಿ ದಾಟುವಷ್ಟರಲ್ಲಿ ಸಂದೇಶ ಕಳಿಸಿದೆ. ಕಲಬುರಗಿ ಬರುವ ಮೊದಲೇ ಆರು ಜನ ಬರುತ್ತೇವೆ ಎಂದು ಉತ್ತರ ಕೊಟ್ಟರು.